ಕೋಳಿಯ ಮೇಲೊಂದು ಕಟ್ಟು ಕೊತ್ತಂಬರಿ

ಒಂದೂವರೆ ಗೇಣು.

ನಮ್ಮ ಅಡುಗೆಮನೆಯ ನಲ್ಲಿಯಿಂದ, ಹೆಚ್ಚಿದ ಸೌತೆಕಾಯಿ ಇಡುವ ಸ್ಟೀಲ್ ತಟ್ಟೆಯ ಅಂಚಿಗೆ ಇರುವ ದೂರ ಅದು. ಗೇಣು ನನ್ನ ಅಮ್ಮಮ್ಮನದು. ಸ್ಕೇಲಿನಲ್ಲಿ ಮೂವತ್ತು ಸೆಂಟಿಮೀಟರ್. ಎರಡು ಸಲ ಅಳೆದಿದ್ದೇನೆ.

ಭಾನುವಾರ ಬೆಳಿಗ್ಗೆ ಎದ್ದು ಯಾರಾದರೂ ಸಿಂಕ್ ಅಳೆಯುತ್ತಾರಾ? ನಾನು ಅಳೆದೆ. ಏಕೆಂದರೆ ಅದರ ಹಿಂದಿನ ದಿನ ನಮ್ಮ ಎದುರು ಮನೆಯ ಹಂಸಾಬಾ ಆಸ್ಪತ್ರೆ ಸೇರಿದ್ದರು.

ಈ ಅಂಕಣ ಓದುವ ನಿಮಗೆ ಗೊತ್ತು, ನಾನು ಮನೆಯ ವಿಷಯ ಬರೆಯುವವಳಲ್ಲ. ವಡೋದರಾದ ಸಿಟಿ ಬಸ್ಸು, ಇಲ್ಲಿನ ಸೆಕೆ, ಸಂಕ್ರಾಂತಿಯ ಗಾಳಿಪಟ, ಅಷ್ಟರಲ್ಲೇ ನನ್ನ ವಾರಗಳು ಕಳೆದಿವೆ. (ಸಂಪಾದಕರು ಎರಡು ಸಲ ಹೇಳಿದ್ದಾರೆ, "ಸ್ವಲ್ಪ ಪರ್ಸನಲ್ ಟಚ್ ಇರಲಿ ಮೇಡಂ" ಅಂತ. ತಗೊಳ್ಳಿ.)

ನಮ್ಮದು ಕುಂದಾಪುರದ ಕಡೆಯ ಕುಟುಂಬ. ಅಪ್ಪಯ್ಯ ವಡೋದರಾದ ಗೋರ್ವಾ ಏರಿಯಾದಲ್ಲಿ ಉಡುಪಿ ಹೋಟೆಲ್ ನಡೆಸುತ್ತಾರೆ. ಹಸಿರು ಬೋರ್ಡು. ಅದರಲ್ಲಿ ಹೋಟೆಲಿನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ 'ಪ್ಯೂರ್ ವೆಜ್'. ಅದು ಸುಳ್ಳಲ್ಲ. ಆ ಅಡುಗೆಮನೆಯೊಳಗೆ ಇವತ್ತಿನವರೆಗೆ ಒಂದು ಮೊಟ್ಟೆಯೂ ಹೋಗಿಲ್ಲ. ಈರುಳ್ಳಿಗೆ ಬೇರೆ ಮಣೆ, ಹಣ್ಣಿಗೆ ಬೇರೆ ಮಣೆ, ಈರುಳ್ಳಿ ತಿನ್ನದ ಜೈನ ಗಿರಾಕಿಗಳ ಪಲ್ಯಕ್ಕೆ ಇನ್ನೊಂದೇ ಮಣೆ. ಕೊಯಾಲಿಯ ರಿಫೈನರಿ ಟೌನ್‌ಶಿಪ್ಪಿನ ಕನ್ನಡದವರು ಭಾನುವಾರ ಇಡ್ಲಿ-ವಡೆಗೆ ಬರುತ್ತಾರೆ. ಗುಜರಾತಿಗಳು ವಾರವಿಡೀ ಬರುತ್ತಾರೆ.

ಆದರೆ ಮನೆಯಲ್ಲಿ ನಾವು ಕೋಳಿ ತಿನ್ನುವವರು.

ಬುಧವಾರ ಹೋಟೆಲಿಗೆ ರಜೆ. ಹಾಗಾಗಿ ಬುಧವಾರವೇ ನಮ್ಮ ಭಾನುವಾರ. ಅಮ್ಮಮ್ಮ ಕೋಳಿ ಸಾರು ಮಾಡುತ್ತಾಳೆ, ಅಮ್ಮ ನೀರುದೋಸೆ ಎರೆಯುತ್ತಾಳೆ. ಕಿಟಕಿ ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಆರಿಸಿ (ಅದು ಪರಿಮಳವನ್ನು ನೇರ ಕಾರಿಡಾರಿಗೆ ತಳ್ಳುತ್ತದೆ), ಬಾಗಿಲ ಸಂದಿಗೆ ಕಾಲೊರೆಸುವ ಬಟ್ಟೆ ತುರುಕಿ, ಹೊಸ್ತಿಲಿಗೆ ಎರಡು ಊದುಬತ್ತಿ ಹಚ್ಚಿ. ಮೇ ತಿಂಗಳಲ್ಲಿ. ನಲವತ್ತೆರಡು ಡಿಗ್ರಿಯಲ್ಲಿ. ಇಷ್ಟು ಕಷ್ಟಪಟ್ಟು ತಿಂದ ಕೋಳಿಗೆ ರುಚಿ ಜಾಸ್ತಿಯಾ? ಹೌದು, ಜಾಸ್ತಿ.

ಏಕೆ ಇಷ್ಟೆಲ್ಲ? ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಹದಿನಾರು ಮನೆ. ಹದಿನೈದು ಶುದ್ಧ ಸಸ್ಯಾಹಾರಿ. ನಮ್ಮ ಬಾಡಿಗೆ ಕರಾರಿನಲ್ಲಿ, ಗೋಡೆಗೆ ಮೊಳೆ ಹೊಡೆಯಬಾರದು ಅನ್ನುವ ಸಾಲಿನ ಕೆಳಗೆ, ಮಾಂಸಾಹಾರ ಬೇಯಿಸಬಾರದು ಅನ್ನುವ ಸಾಲೂ ಇದೆ. ಅಪ್ಪಯ್ಯ ಸಹಿ ಹಾಕಿದ್ದಾರೆ.

ಕೋಳಿ ತರುವುದು ನನ್ನ ಕೆಲಸ. ಬುಧವಾರ ನನಗೆ ಸೆಕೆಂಡ್ ಶಿಫ್ಟ್, ಬೆಳಿಗ್ಗೆ ಬಿಡುವು. ಸ್ಕೂಟರ್ ಹತ್ತಿ ಊರಿನ ಇನ್ನೊಂದು ತುದಿಗೆ ಹೋಗಿ ತರುತ್ತೇನೆ. ಕಪ್ಪು ಪ್ಲಾಸ್ಟಿಕ್ ಕವರಿನಲ್ಲಿ ಕೋಳಿ. ಕವರು ಬಟ್ಟೆಯ ಚೀಲದಲ್ಲಿ. ಅದರ ಮೇಲೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು, ಎಲೆಗಳು ಚೀಲದಿಂದ ಚೆನ್ನಾಗಿ ಹೊರಗೆ ಇಣುಕುವ ಹಾಗೆ. ಕೊತ್ತಂಬರಿ ನನ್ನ ಐಡಿಯಾ. ಲಿಫ್ಟಿನಲ್ಲಿ ಯಾರು ಸಿಕ್ಕರೂ ತರಕಾರಿ ತಂದ ಹುಡುಗಿ ಅಂತ ಕಾಣುತ್ತದೆ. ಆರು ವರ್ಷದಿಂದ ಯಾರಿಗೂ ಅನುಮಾನ ಬಂದಿಲ್ಲ. ನನಗೆ ಅದರ ಬಗ್ಗೆ ಒಂಥರಾ ಹೆಮ್ಮೆಯೂ ಇತ್ತು.

ಈಗ ನನ್ನ ಕೆಲಸದ ವಿಷಯ. ಇದು ಸ್ವಲ್ಪ ನಾಚಿಕೆಯದು. ನಾನು ಕೆಲಸ ಮಾಡುವುದು ಆಹಾರ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ. ಓದಿದ್ದು ಮೈಕ್ರೋಬಯಾಲಜಿ. ನನ್ನ ಮೇಜಿಗೆ ಬರುವ ಸ್ಯಾಂಪಲ್‌ಗಳಲ್ಲಿ ಹಸಿ ಕೋಳಿಯೂ ಇರುತ್ತದೆ. ಇಪ್ಪತ್ತೈದು ಗ್ರಾಂ ತೂಗಿ, ಪೋಷಕ ದ್ರವದಲ್ಲಿ ಮುಳುಗಿಸಿ, ಬೆಚ್ಚಗೆ ಇಟ್ಟು ಕಾಯುತ್ತೇವೆ. ಕೆಲವು ಸಲ ಮೂರನೆಯ ದಿನಕ್ಕೆ ಕೆಂಪು ಪ್ಲೇಟಿನ ಮೇಲೆ ಕಪ್ಪು ನಡುವಿನ ಸಣ್ಣ ಸಣ್ಣ ಚುಕ್ಕೆಗಳು ಏಳುತ್ತವೆ. ನೋಡಲು ಚಂದ. ಸಾಲ್ಮೊನೆಲ್ಲಾ ಇರಬಹುದು ಅನ್ನುವುದರ ಮೊದಲ ಸುಳಿವು ಅದು. ಕೋಳಿಯ ಹೊಟ್ಟೆಯಲ್ಲಿ ಅದಕ್ಕೇನೂ ತೊಂದರೆ ಕೊಡದೆ ಬದುಕಿಕೊಂಡಿರುವ ಬ್ಯಾಕ್ಟೀರಿಯಾ, ಕೊಯ್ಯುವಾಗ ಮಾಂಸಕ್ಕೆ ಹತ್ತಿಕೊಳ್ಳುತ್ತದೆ. ನಮ್ಮ ಹೊಟ್ಟೆಗೆ ಬಂದರೆ ಮಾತ್ರ ಅಷ್ಟು ಸಭ್ಯವಾಗಿ ಇರುವುದಿಲ್ಲ.

ಲ್ಯಾಬಿನಲ್ಲಿ ನಾನು ಗ್ಲೌಸ್ ಹಾಕದೆ ಒಂದು ಪೆನ್ನನ್ನೂ ಮುಟ್ಟುವುದಿಲ್ಲ. ಹೊಸಬರಿಗೆ ಪಾಠ ಹೇಳುವವಳೂ ನಾನೇ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯಬಾರದು, ತೊಳೆದರೆ ಬ್ಯಾಕ್ಟೀರಿಯಾ ಹೋಗುವುದಿಲ್ಲ, ಸುತ್ತಲೂ ಸಿಡಿಯುತ್ತದೆ ಅಂತ ನೂರು ಸಲ ಹೇಳಿದ್ದೇನೆ.

ಮನೆಯಲ್ಲಿ? ಅಮ್ಮಮ್ಮ ಪ್ರತಿ ಬುಧವಾರ ನಲ್ಲಿ ಪೂರ್ತಿ ತಿರುಗಿಸಿ, ಅರಿಸಿನ, ಉಪ್ಪು ಹಚ್ಚಿ, ನಾಲ್ಕು ನೀರಿನಲ್ಲಿ ಕೋಳಿ ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಮೊಬೈಲ್ ನೋಡುತ್ತಿದ್ದೆ.

ಇನ್ನು ಮಣೆ. ಹೋಟೆಲಿನಲ್ಲಿ ಮೂರು ಮಣೆ ಇಟ್ಟ ಅಪ್ಪಯ್ಯನ ಮನೆಯಲ್ಲಿ ಇದ್ದದ್ದು ಒಂದೇ. ಕೋಳಿಗೂ ಅದೇ, ಸೌತೆಕಾಯಿಗೂ ಅದೇ, ನಡುವೆ ಒಂದು ತೊಳೆತ. ಏಕೆಂದರೆ ಇನ್ನೊಂದು ಮಣೆ ಇಟ್ಟರೆ ಹಂಸಾಬಾ ಕೇಳುತ್ತಾರೆ, "ಈ ಎರಡನೆಯದು ಯಾವುದಕ್ಕೆ?"

ಹೌದು, ಕೇಳುತ್ತಾರೆ. ಹಂಸಾಬಾಗೆ ಎಪ್ಪತ್ತನಾಲ್ಕು. ('ಬಾ' ಅಂದರೆ ಇಲ್ಲಿ ತಾಯಿ, ಅಜ್ಜಿ, ಹಿರಿಯಳು, ಎಲ್ಲವೂ.) ಮಗ ಕೇತನ್‌ಭಾಯ್, ಸೊಸೆಯ ಜೊತೆ ಎದುರಿನ ಫ್ಲ್ಯಾಟಿನಲ್ಲಿದ್ದಾರೆ. ನಮ್ಮ ಮನೆಗೆ ಬಾಗಿಲು ಬಡಿಯದೆ ಬರುತ್ತಾರೆ, ಅಡುಗೆಮನೆಗೆ ನೇರ ಹೋಗುತ್ತಾರೆ, ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಾರೆ. ಮಧ್ಯಾಹ್ನ ಅವರ ಮನೆಯ ಉಯ್ಯಾಲೆಯಲ್ಲಿ ಅಮ್ಮಮ್ಮ ಮತ್ತು ಅವರು ಅಕ್ಕಪಕ್ಕ ಕೂತು ಎರಡು ಗಂಟೆ ಮಾತಾಡುತ್ತಾರೆ. ಅಮ್ಮಮ್ಮನಿಗೆ ಬರುವುದು ಕುಂದಾಪುರದ ಕನ್ನಡ ಮಾತ್ರ. ಅವರಿಗೆ ಗುಜರಾತಿ ಮಾತ್ರ. ಏನು ಮಾತಾಡುತ್ತಾರೆ? ಒಮ್ಮೆ ಕೇಳಿದ್ದಕ್ಕೆ ಅಮ್ಮಮ್ಮ, "ಸೊಸೆ ವಿಷ್ಯ" ಅಂದಳು. ಯಾರ ಸೊಸೆ ಅಂತ ಹೇಳಲಿಲ್ಲ.

ಪ್ರತಿ ಬುಧವಾರ ನಮ್ಮ ಮನೆಯಿಂದ ಹಂಸಾಬಾಗೆ ಒಂದು ಸ್ಟೀಲ್ ಡಬ್ಬಿ ಹೋಗುತ್ತದೆ. ಹೆಸರುಬೇಳೆ ಕೋಸಂಬರಿ. ಸೌತೆಕಾಯಿ, ತೆಂಗಿನತುರಿ, ನಿಂಬೆಹುಳಿ, ಮೇಲೆ ಧಾರಾಳ ಕೊತ್ತಂಬರಿ. ಅವರು ಅದನ್ನು 'ಕಚುಂಬರ್' ಅನ್ನುತ್ತಾರೆ. ಬುಧವಾರ ಅವರಿಗೆ ಅದು ಹಬ್ಬ. ನಮಗೆ ಹಬ್ಬ ಬೇರೆ. ಎರಡೂ ಒಂದೇ ಸಿಂಕಿನಲ್ಲಿ ತಯಾರಾಗುತ್ತಿದ್ದವು.

ಶುಕ್ರವಾರ ರಾತ್ರಿ ಹಂಸಾಬಾಗೆ ವಾಂತಿ, ಭೇದಿ, ಜ್ವರ. ಶನಿವಾರ ಬೆಳಿಗ್ಗೆ ನಾನು ಹಾಲಿನ ಪ್ಯಾಕೆಟ್ ಹಿಡಿದು ಮೇಲೆ ಬರುವಾಗ ಕೇತನ್‌ಭಾಯ್ ತಾಯಿಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಲಿಫ್ಟಿಗೆ ತರುತ್ತಿದ್ದರು. ಅವರ ತುಟಿ ಒಣಗಿ ಬಿಳಿಚಿಕೊಂಡಿತ್ತು. ನನ್ನನ್ನು ನೋಡಿ ಕೈ ಎತ್ತಲು ಹೋದರು, ಆಗಲಿಲ್ಲ.

ಸಂಜೆ ಕೇತನ್‌ಭಾಯ್ ಬಟ್ಟೆ ಒಯ್ಯಲು ಬಂದಾಗ ಕಾರಿಡಾರಿನಲ್ಲಿ ಸಿಕ್ಕರು. ಡ್ರಿಪ್ ಹಾಕಿದ್ದಾರೆ, ಈ ವಯಸ್ಸಿನಲ್ಲಿ ನೀರಿನಂಶ ಹೀಗೆ ಹೋದರೆ ಕಿಡ್ನಿಗೆ ಕಷ್ಟ ಅಂದಿದ್ದಾರೆ, ಎಂದರು. ಆಮೇಲೆ ಅವರ ಧ್ವನಿ ಏರಿತು. "ಬಾ ಹೊರಗಿನದು ಏನೂ ಮುಟ್ಟಲ್ಲ. ಆ ಪಕೋಡಿವಾಲಾದು ಒಂದೇ, ಅದೂ ಆಲೂಗಡ್ಡೆ ಹಾಕದ್ದು. ಗುರುವಾರ ತಿಂದಿದ್ದಾರೆ. ಅವನದೇ ಕೆಲಸ."

(ನಾವು ಪಾನಿಪುರಿ ಅನ್ನುವುದನ್ನು ಇಲ್ಲಿ ಪಕೋಡಿ ಅನ್ನುತ್ತಾರೆ. ನಮ್ಮ ಪಕೋಡ ಕೇಳಿಕೊಂಡು ಹೋದವರಿಗೆ ನಿರಾಸೆ ಖಂಡಿತ.)

ಪಕೋಡಿಯ ರಮೇಶ್‌ಭಾಯ್ ನಮ್ಮ ಗೇಟಿನ ಬೇವಿನ ಮರದ ಕೆಳಗೆ ಹದಿನಾಲ್ಕು ವರ್ಷದಿಂದ ಗಾಡಿ ನಿಲ್ಲಿಸುತ್ತಾರೆ. ನನ್ನ ಕಾಲೇಜಿನ ಪರೀಕ್ಷೆಗಳು ಮುಗಿದಾಗೆಲ್ಲ ಒಂದು ಪುರಿ ಹೆಚ್ಚು ಕೊಟ್ಟವರು. "ಮುಂದಿನ ಭಾನುವಾರ ಸೊಸೈಟಿ ಮೀಟಿಂಗ್ ಇದೆ. ಆ ಗಾಡಿ ಅಲ್ಲಿಂದ ಏಳಬೇಕು. ನೀನೂ ಸೈನ್ಸಿನವಳು, ಎರಡು ಮಾತು ಹೇಳು," ಎಂದರು ಕೇತನ್‌ಭಾಯ್.

ನಾನು ತಲೆಯಾಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ ನನಗೇ ಗೊತ್ತಿಲ್ಲ. ತಲೆಯೊಳಗೆ ಬೇರೆಯೇ ಓಡುತ್ತಿತ್ತು. ಬುಧವಾರ ಮಧ್ಯಾಹ್ನದಿಂದ ಶುಕ್ರವಾರ ರಾತ್ರಿಗೆ ಸುಮಾರು ಅರವತ್ತು ಗಂಟೆ. ಸಾಲ್ಮೊನೆಲ್ಲಾ ತೆಗೆದುಕೊಳ್ಳುವ ಸಮಯದೊಳಗೇ ಬರುತ್ತದೆ.

ಹಾಗಾಗಿ ಭಾನುವಾರ ಬೆಳಿಗ್ಗೆ ಸ್ಕೇಲ್.

ಅಮ್ಮಮ್ಮನಿಗೆ ಬಾಯಲ್ಲಿ ಹೇಳಿ ನೋಡಿದೆ.

"ತೊಳೀದೆ ಹ್ಯಾಂಗ್ ಸಾರ್ ಮಾಡುದ್? ನಿಂಗ್ ತಲೆ ಸಮ ಇತ್ತಾ? ಅರವತ್ ವರ್ಷದಿಂದ ತೊಳೀತಾ ಬಂದದ್ದ್. ಒಬ್ರೂ ಸಾಯ್ಲಿಲ್ಲ."

"ಕುದಿಸಿದ್ರೆ ಎಲ್ಲ ಸಾಯ್ತದೆ ಅಮ್ಮಮ್ಮ. ತೊಳೆಯೋದೇ ಬೇಡ."

"ಮತ್ತೆಂತ? ಸಾಯ್ತಿತ್ತ್ ಅಂತ ನೀನೇ ಹೇಳ್ತಿ!"

"ಕೋಳಿ ಮೇಲೆ ಇದ್ದದ್ದು ಸಾಯ್ತದೆ. ಸೌತೆಕಾಯಿ ಮೇಲೆ ಹಾರಿದ್ದು ಹ್ಯಾಂಗೆ ಸಾಯೋದು? ಕೋಸಂಬರಿ ಕುದಿಸ್ತೀಯಾ?"

ಅಮ್ಮಮ್ಮ, "ನಿನ್ನ ಓದ್ಸಿದ್ದೇ ತಪ್ಪಾಯ್ತ್" ಎಂದು ಬೆನ್ನು ತಿರುಗಿಸಿದಳು.

ನಾನು ಜಗಳ ಆಡುವವಳಲ್ಲ. ಪ್ರಯೋಗ ಮಾಡುವವಳು. ಒಂದು ಆಲೂಗಡ್ಡೆ ಸುಲಿದು, ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಅದರ ಮೈಗೆಲ್ಲ ದಪ್ಪಗೆ ಹಚ್ಚಿದೆ. ಸಿಂಕಿನ ಸುತ್ತ ಬಿಳಿ ಕಾಗದ ಹಾಸಿದೆ. ಸೌತೆಕಾಯಿ ತಟ್ಟೆಯನ್ನು ದಿನವೂ ಇಡುವ ಜಾಗದಲ್ಲೇ ಇಟ್ಟೆ. "ಇದೇ ಕೋಳಿ ಅಂತ ತಿಳ್ಕೊ. ನೀನು ಬುಧವಾರ ತೊಳೆಯೋ ಹಾಗೆ ತೊಳಿ" ಎಂದೆ.

ಅಮ್ಮಮ್ಮ ಸೆರಗು ಸಿಕ್ಕಿಸಿಕೊಂಡು, ನನಗೆ ಬುದ್ಧಿ ಕಲಿಸುವ ಹುಮ್ಮಸ್ಸಿನಲ್ಲಿ, ತುಂಬ ಶಾಸ್ತ್ರೋಕ್ತವಾಗಿ ಆಲೂಗಡ್ಡೆ ತೊಳೆದಳು.

ಕಾಗದದ ಮೇಲೆ ನೀಲಿ. ನಲ್ಲಿಯ ತಿರುಪಿನ ಮೇಲೆ ನೀಲಿ. ಅವಳ ರವಿಕೆಯ ತೋಳಿನ ಮೇಲೆ, ಮುಚ್ಚಿದ ಕಿಟಕಿಯ ಗಾಜಿನ ಮೇಲೆ, ಉಪ್ಪಿನ ಡಬ್ಬಿಯ ಮೇಲೆ ನೀಲಿ. ಅವಳು ತಟ್ಟೆಯನ್ನು ಕಣ್ಣಿನ ಹತ್ತಿರ ತಂದುಕೊಂಡು ಸೌತೆಕಾಯಿ ಹೋಳುಗಳ ಮೇಲಿನ ಚುಕ್ಕೆಗಳನ್ನು ಎಣಿಸಿದಳು. ನಲ್ಲಿಯಿಂದ ತಟ್ಟೆಗೆ ಗೇಣು ಹಾಕಿ ನೋಡಿದಳು.

"ಹತ್ತೊಂಬತ್ತ್," ಎಂದಳು.

ಗೆದ್ದೆ ಅಂದುಕೊಂಡೆ. ಆದರೆ ಅವಳು ಕೈ ಒರೆಸಿಕೊಳ್ಳುತ್ತ ನಿಂತದ್ದು ನೋಡಿ ಗೆದ್ದ ಹಾಗೆ ಅನಿಸಲಿಲ್ಲ. ಬೆರಳೆಲ್ಲ ನೀಲಿ. "ನಿಮ್ಮೆಲ್ಲರ್ಗೂ ಬೇಯ್ಸಿ ಹಾಕಿದ್ ಕೈ ಇದ್. ಗಲೀಜಂದ್ ಆಯ್ತಲ್ಲ ಈಗ," ಎಂದಳು.

"ಕೈಯಲ್ಲ ಅಮ್ಮಮ್ಮ, ನೀರು."

ಅವಳು ಬಾಲ್ಕನಿಗೆ ಹೋಗಿ ಕೂತಳು. ನಾನು ಕಾಗದ ಎತ್ತಿ, ಸಿಂಕ್ ಒರೆಸುತ್ತಿದ್ದೆ. ಐದು ನಿಮಿಷ ಕಳೆದಿರಬೇಕು. ಬಾಲ್ಕನಿಯಿಂದ ಅವಳ ಧ್ವನಿ ಬಂತು.

"ಹೆಣೆ, ಕೋಸಂಬ್ರಿಗೆ ಹಾಕಿದ್ ಕೊತ್ತುಂಬ್ರಿ ಸೊಪ್ಪ್ ಎಲ್ಲಿಂದ ಬಂತ್?"

ನನ್ನ ಕೈ ನಿಂತಿತು.

"ಅದನ್ ಯಾರ್ ತಂದದ್ದ್? ಯಾವ್ದ್ರ ಮೇಲಿಟ್ಕಂಡ್ ತಂದದ್ದ್?"

ಓದುಗರೇ, ನಾನು ಎಂ.ಎಸ್ಸಿ. ಮಾಡಿದ್ದೇನೆ. ಹಸಿ ಮಾಂಸ ಮತ್ತು ಹಸಿಯಾಗಿ ತಿನ್ನುವ ಸೊಪ್ಪು ಒಂದೇ ಚೀಲದಲ್ಲಿ ಇರಬಾರದು ಅನ್ನುವುದನ್ನು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಸ್ಲೈಡ್ ಹಾಕಿ ಹೇಳಬಲ್ಲೆ. ಗಂಟು ಬಿಗಿದರೂ ಕೆಂಪು ನೀರು ಜಿನುಗುವ ಆ ಕಪ್ಪು ಕವರಿನ ಮೇಲೆ, ನಲವತ್ತೆರಡು ಡಿಗ್ರಿಯಲ್ಲಿ, ಇಪ್ಪತ್ತು ನಿಮಿಷ ಸ್ಕೂಟರಿನ ಕೊಕ್ಕೆಗೆ ಜೋತುಬಿದ್ದು ಬಂದ ಕೊತ್ತಂಬರಿ. ಅದನ್ನು ಒಮ್ಮೆ ನೀರಿನಲ್ಲಿ ಜಾಲಾಡಿ ಕೋಸಂಬರಿಯ ಮೇಲೆ ಉದುರಿಸುತ್ತಿದ್ದವಳೂ ನಾನೇ. ನಾನು ಅಳೆದದ್ದು ಸಿಂಕನ್ನು. ಚೀಲವನ್ನು ಅಳೆದಿರಲಿಲ್ಲ. ಅಲ್ಲಿ ದೂರವೇ ಇರಲಿಲ್ಲ.

ಬಾಲ್ಕನಿಗೆ ಹೋಗಿ ಅವಳ ಪಕ್ಕ ಕೂತೆ. ಅವಳು ನನ್ನನ್ನು ಬೈಯಲಿಲ್ಲ. ನೀಲಿ ಬೆರಳಿನಿಂದ ನನ್ನ ಕೆನ್ನೆ ತಟ್ಟಿದಳು, ಅಷ್ಟೆ. (ಆ ಗುರುತು ಎರಡು ದಿನ ಇತ್ತು. ಲ್ಯಾಬಿನಲ್ಲಿ ಎಲ್ಲರೂ ಕೇಳಿದರು.)

ಅವತ್ತೇ ಸಂಜೆ ಮಾರ್ಕೆಟ್ಟಿಗೆ ಹೋಗಿ ಒಂದು ಕೆಂಪು ಪ್ಲಾಸ್ಟಿಕ್ ಮಣೆ ತಂದೆ. ಕೋಳಿಗೆ ಅದು, ಬೇರೆ ಯಾವುದಕ್ಕೂ ಅಲ್ಲ. ತಂದು ಏನು ಮಾಡಿದೆ? ಗ್ಯಾಸ್ ಸಿಲಿಂಡರಿನ ಹಿಂದೆ, ಗೋಣಿ ಚೀಲದ ಕೆಳಗೆ ಬಚ್ಚಿಟ್ಟೆ. ಹಂಸಾಬಾ ವಾಪಸ್ ಬಂದರೆ ಕೇಳುತ್ತಾರಲ್ಲ?

ಹಂಸಾಬಾ ಸೋಮವಾರ ಬಂದರು. ಸೀರೆಯೊಳಗೆ ಮನುಷ್ಯರೇ ಇಲ್ಲವೇನೋ ಅನ್ನುವಷ್ಟು ಸೊರಗಿದ್ದರು. ಆಂಟಿಬಯಾಟಿಕ್ ಕೊಟ್ಟಿದ್ದರಂತೆ, ಜ್ವರ ಇಳಿಯಿತಂತೆ. ಯಾವ ಬ್ಯಾಕ್ಟೀರಿಯಾ ಅಂತ ಯಾರೂ ಪರೀಕ್ಷೆ ಮಾಡಿರಲಿಲ್ಲ. ಅಂದರೆ ಅದು ನಮ್ಮ ಕೊತ್ತಂಬರಿಯೋ, ಸೌತೆಕಾಯಿಯೋ, ರಮೇಶ್‌ಭಾಯಿಯ ಪುದೀನ ನೀರೋ ನನಗೆ ಗೊತ್ತಿಲ್ಲ. ಇನ್ನು ಯಾವತ್ತೂ ಗೊತ್ತಾಗುವುದೂ ಇಲ್ಲ. ಗೊತ್ತಿಲ್ಲ ಅನ್ನುವುದು ಎಷ್ಟು ಅನುಕೂಲದ ಮಾತು ನೋಡಿ! ಅದನ್ನು ಹಿಡಿದುಕೊಂಡು ನಾನು ಐದು ದಿನ ಸುಮ್ಮನಿದ್ದೆ.

ಬುಧವಾರ ಬಂತು. ಈ ಸಲ ಕೋಳಿಗೆ ಬೇರೆ ಚೀಲ, ಮೇಲೆ ಕೊತ್ತಂಬರಿ ಇಲ್ಲ. ಅಮ್ಮಮ್ಮ ತೊಳೆಯಲಿಲ್ಲ. ತೊಳೆಯದ ಕೋಳಿಯನ್ನು ಸೀದಾ ಪಾತ್ರೆಗೆ ಹಾಕುವಾಗ ಅವಳ ಮುಖ ನೋಡಬೇಕಿತ್ತು, ಯಾರಿಗೋ ಸುಳ್ಳು ಸಾಕ್ಷಿ ಹೇಳುವವಳ ಹಾಗಿತ್ತು. ಸಾರು ಚೆನ್ನಾಗಿಯೇ ಆಗಿತ್ತು. "ತೊಳ್ದದ್ರ ರುಚಿ ಇಲ್ಲ" ಎಂದಳು. ಎರಡು ಸಲ ಬಡಿಸಿಕೊಂಡಳು.

ಕೋಸಂಬರಿ ಮಾಡಲಿಲ್ಲ. ಮಧ್ಯಾಹ್ನ ಹಂಸಾಬಾ ಗೋಡೆ ಹಿಡಿದು ಬಂದು, "ಕಚುಂಬರ್?" ಅಂತ ಕೇಳಿದರು. ಆಸ್ಪತ್ರೆಯಿಂದ ಬಂದು ಎರಡೇ ದಿನ! ಅಮ್ಮಮ್ಮ ಅರ್ಥವಾಗದವಳ ಹಾಗೆ ನಿಂತಳು. ಆರು ವರ್ಷದಲ್ಲಿ ಮೊದಲ ಸಲ ಅವರಿಬ್ಬರಿಗೆ ಒಬ್ಬರ ಭಾಷೆ ಒಬ್ಬರಿಗೆ ಬರಲಿಲ್ಲ.

ಹಂಸಾಬಾ ಹೋದ ಮೇಲೆ ಅಮ್ಮಮ್ಮ ನನ್ನ ಕಡೆ ತಿರುಗಿದಳು. "ನೀನೇ ಹೋಯಿ ಹೇಳ್ಕ್. ನಂಗ್ ಅವ್ರ ಮುಖ ಕಾಂಬುಕಾತಿಲ್ಲ."

ಅಪ್ಪಯ್ಯನಿಗೆ ಹೇಳದೆ ಹೋಗುವುದು ಸರಿಯಲ್ಲ ಅನಿಸಿ, ಶುಕ್ರವಾರ ಹೋಟೆಲಿನಲ್ಲಿ ಗಿರಾಕಿ ಇಲ್ಲದ ಮೂರು ಗಂಟೆ ಹೊತ್ತಿಗೆ ಹೇಳಿದೆ. ಅವರು ಕೇಳಿಸಿಕೊಂಡು, ಕುರ್ಚಿಯಲ್ಲೇ ತಿರುಗಿ, ಹೊರಗಿನ ಬೋರ್ಡಿನ ಕಡೆ ನೋಡಿದರು. ಒಳಗಿನಿಂದ ಅದರ ಹಿಂಭಾಗದ ತಗಡು ಮಾತ್ರ ಕಾಣುತ್ತದೆ.

"ಮನೆ ಕೋಳಿಗೂ ಈ ಹೋಟೆಲಿಗೂ ಸಂಬಂಧ ಇಲ್ಲ ಅಂತ ನಂಗ್ ಗೊತ್ತಿತ್ತ್, ನಿಂಗ್ ಗೊತ್ತಿತ್ತ್. ಜನ ನಂಬ್ಕಲ್ದಾ ಮಗಾ?"

"ರಮೇಶ್‌ಭಾಯ್‌ದು ತಪ್ಪಿಲ್ಲ ಅಂತ ಅವರಿಗೂ ಗೊತ್ತು. ಜನ ನಂಬ್ತಿದ್ದಾರಾ ಅಪ್ಪಯ್ಯ?"

ಅವರು ಹೇಳು ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. "ಕಾಫಿ ಕುಡ್ಕಂಡ್ ಹೋಗ್" ಅಂದರು.

ಶನಿವಾರ ಸಂಜೆ ಹೋದೆ. ಮೀಟಿಂಗಿಗೆ ಒಂದು ದಿನ ಬಾಕಿ. ಹಂಸಾಬಾ ತಮ್ಮ ಕೋಣೆಯಲ್ಲಿ ಮಂಚದ ಮೇಲೆ ಕೂತು ಜಪಮಾಲೆ ತಿರುಗಿಸುತ್ತಿದ್ದರು. "ಬೇಸ್, ಬೇಸ್" ಎಂದು ಪಕ್ಕದಲ್ಲಿ ಕೂರಿಸಿಕೊಂಡರು. ನನ್ನ ಗುಜರಾತಿ ಸುಮಾರು. ಇಡೀ ಮಾತನ್ನು ಮನಸ್ಸಿನಲ್ಲಿ ರಿಪೋರ್ಟಿನ ಹಾಗೆ ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆದಾಗ ಬಂದದ್ದು ಒಂದೇ ವಾಕ್ಯ.

"ಬಾ, ನಮ್ಮ ಮನೆಯಲ್ಲಿ ಬುಧವಾರ ಕೋಳಿ ಮಾಡ್ತೇವೆ."

ಜಪಮಾಲೆ ನಿಂತಿತು. ನಾನು ನಿಲ್ಲಿಸಲಿಲ್ಲ. ಸಿಂಕ್, ಮಣೆ, ಚೀಲ, ಕೊತ್ತಂಬರಿ, ಎಲ್ಲ ಹೇಳಿದೆ. ನಿಮ್ಮ ಕಾಯಿಲೆ ಅದರಿಂದಲೇ ಬಂತು ಅಂತ ಹೇಳಲಾರೆ, ಬರಲಿಲ್ಲ ಅಂತಲೂ ಹೇಳಲಾರೆ ಅಂದೆ.

ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು.

"ಕೊತ್ತಂಬರಿ ಮೇಲೆ?"

"ಕೋಳಿ ಕೆಳಗೆ. ಕೊತ್ತಂಬರಿ ಮೇಲೆ."

"ಎಷ್ಟು ವರ್ಷದಿಂದ?"

ಒಂದು ಅನ್ನಬಹುದಿತ್ತು. "ಆರು" ಅಂದೆ.

ಕಣ್ಣು ಮುಚ್ಚಿದರು. ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆಯೋ ಶಾಪವೋ, ನಾನು ಕೇಳಿಸಿಕೊಳ್ಳಲು ಹೋಗಲಿಲ್ಲ. ಹುಟ್ಟಿದಾಗಿನಿಂದ ಗೆಡ್ಡೆಗೆಣಸನ್ನೂ ಮುಟ್ಟದ ಜೈನ ಹೆಂಗಸು. ಬಾಲ್ಕನಿಗೆ ಬಂದ ಇರುವೆಗೂ ದಾರಿ ಬಿಟ್ಟು ನಡೆಯುವವರು. ಕ್ಷಮೆ ಕೇಳುವುದಕ್ಕೆ ನನ್ನ ಗುಜರಾತಿಯಲ್ಲಿ ಇದ್ದ ಒಂದೇ ಪದವನ್ನು ಹೇಳಿದೆ. ಅದು ಸಾಲದು ಅಂತ ಗೊತ್ತಿತ್ತು.

ಆಮೇಲೆ ಅವರು ಮೆಲ್ಲಗೆ ಎದ್ದರು. ಹೊರಗೆ ಹೋಗು ಅನ್ನುತ್ತಾರೆ ಅಂದುಕೊಂಡು ನಾನೂ ಎದ್ದೆ. ಅವರು ಬಾಗಿಲ ಕಡೆ ಹೋಗಲಿಲ್ಲ. ಕಬ್ಬಿಣದ ಕಪಾಟಿನ ಕಡೆ ಹೋಗಿ, ಸೊಂಟದ ಕೀಲಿಯಿಂದ ತೆರೆದು, ಮಡಿಸಿಟ್ಟ ಸೀರೆಗಳ ನಡುವೆ ಕೈ ತೂರಿಸಿ ಒಂದು ಖಾಲಿ ಸ್ಟೀಲ್ ಡಬ್ಬಿ ಹೊರಗೆ ತೆಗೆದರು.

ನಮ್ಮ ಡಬ್ಬಿ. ಮುಚ್ಚಳದ ಮೇಲೆ ಅಮ್ಮಮ್ಮ ಉಗುರುಬಣ್ಣದಲ್ಲಿ ಹಾಕಿದ ಚುಕ್ಕೆ.

"ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದರು. ಸೊಸೆ ಹಪ್ಪಳ ಎತ್ತಿಟ್ಟಳು, ಉಪ್ಪಿನಕಾಯಿ ಎತ್ತಿಟ್ಟಳು," ಎಂದರು ಪಿಸುದನಿಯಲ್ಲಿ. "ಕಚುಂಬರ್ ಕಂಡರೆ ಅದನ್ನೂ ಎತ್ತಿಡುತ್ತಿದ್ದಳು. ಅದಕ್ಕೇ ಇಲ್ಲಿ ಇಡುವುದು. ಆ ಬುಧವಾರ ಅರ್ಧ ತಿಂದೆ. ಇನ್ನರ್ಧ ಗುರುವಾರ ಸಂಜೆ."

"ಗುರುವಾರ ಸಂಜೆ? ಬಾ! ಮೂವತ್ತು ಗಂಟೆ! ಈ ಸೆಕೆಯಲ್ಲಿ, ಕಪಾಟಿನೊಳಗೆ, ಹಸಿ ತೆಂಗಿನಕಾಯಿ ಹಾಕಿದ್ದು!"

"ಧೀರೇ, ಧೀರೇ. ಸೊಸೆಗೆ ಕೇಳಿಸುತ್ತೆ."

"ವಾಸನೆ ಬಂದಿರಲಿಲ್ವಾ?"

"ಸ್ವಲ್ಪ ಹುಳಿಯಾಗಿತ್ತು. ನಿನ್ನ ಅಜ್ಜಿ ಈ ಸಲ ನಿಂಬೆಹಣ್ಣು ಜಾಸ್ತಿ ಹಾಕಿದ್ದಾಳೆ ಅಂದುಕೊಂಡೆ."

"ಫ್ರಿಜ್ಜಿನಲ್ಲಿ ಇಡಬಹುದಿತ್ತಲ್ಲ?"

"ಇಟ್ಟರೆ ಕಾಣುತ್ತಲ್ಲ?"

ನಮ್ಮ ಮನೆಯಲ್ಲಿ ಆರು ವರ್ಷದಿಂದ ಕೇಳಿದ್ದೂ ಇದೇ ಮಾತು. ಇನ್ನೊಂದು ಮಣೆ ಇಡಬಹುದಿತ್ತಲ್ಲ? ಇಟ್ಟರೆ ಕಾಣುತ್ತಲ್ಲ. ಕಿಟಕಿ ತೆರೆಯಬಹುದಿತ್ತಲ್ಲ? ತೆರೆದರೆ ಗೊತ್ತಾಗುತ್ತಲ್ಲ. ಕ್ಲಾಸಿನಲ್ಲಿ ನಮಗೆ ಕಲಿಸಿದ್ದರು, ಬ್ಯಾಕ್ಟೀರಿಯಾ ಬೆಳೆಯಲು ತೇವ ಬೇಕು, ಬಿಸಿ ಬೇಕು, ಸಮಯ ಬೇಕು ಅಂತ. ಇವೆಲ್ಲ ಒಟ್ಟಿಗೆ ಎಲ್ಲಿ ಸಿಗುತ್ತವೆ ಅಂತ ಯಾರೂ ಹೇಳಿರಲಿಲ್ಲ. ಒಬ್ಬರಿಂದೊಬ್ಬರು ಬಚ್ಚಿಟ್ಟ ಜಾಗದಲ್ಲಿ ಸಿಗುತ್ತವೆ.

ಹಂಸಾಬಾ ಡಬ್ಬಿಯನ್ನು ಮಂಚದ ಮೇಲೆ ಇಟ್ಟರು. ಅದರ ಮುಚ್ಚಳವನ್ನು ಒಮ್ಮೆ ತಟ್ಟಿದರು.

"ಕೋಳಿ ನಿಮ್ಮದು. ಕಪಾಟು ನನ್ನದು. ರಮೇಶನದು ಏನಿದೆ ಇದರಲ್ಲಿ?"

ಮಗನನ್ನು ಕರೆದರು. ಕೇತನ್‌ಭಾಯ್ ಬಂದು ನಿಂತರು. ಹಂಸಾಬಾ ಡಬ್ಬಿ ತೋರಿಸಿ, ಹಳಸಿದ ಕಚುಂಬರ್ ಕದ್ದು ತಿಂದ ಕಥೆಯನ್ನು, ಸೀರೆಯ ಮಡಿಕೆಯೂ ಬಿಡದ ಹಾಗೆ ಹೇಳಿದರು. ಕೋಳಿಯ ಸುದ್ದಿ ಎತ್ತಲಿಲ್ಲ. ನಾನು ಬಾಯಿ ತೆರೆದೆ. ಅವರು ನನ್ನ ಮಣಿಕಟ್ಟನ್ನು ಹಿಡಿದು ಅದುಮಿದರು. ಡ್ರಿಪ್ಪಿನ ಸೂಜಿ ಚುಚ್ಚಿದ ಜಾಗ ಇನ್ನೂ ಕಪ್ಪಗಿದ್ದ ಕೈ. ಎಷ್ಟು ಗಟ್ಟಿ!

ಕೇತನ್‌ಭಾಯ್ ಬೈದರು. ಚೆನ್ನಾಗಿಯೇ ಬೈದರು. ಎಪ್ಪತ್ತನಾಲ್ಕು ವರ್ಷದ ತಾಯಿ ತಲೆ ತಗ್ಗಿಸಿ, ನಡುನಡುವೆ ನನ್ನ ಕಡೆ ಓರೆಗಣ್ಣು ಹಾಯಿಸುತ್ತ ಬೈಸಿಕೊಂಡರು. ಬಾಗಿಲಲ್ಲಿ ಸೊಸೆ ಬಂದು ನಿಂತಳು, ಅವಳ ಪಾಲಿನದೂ ಆಯಿತು. ಕೊನೆಗೆ ಕೇತನ್‌ಭಾಯ್ ನಿಟ್ಟುಸಿರು ಬಿಟ್ಟು, "ಆ ಗಾಡಿಯವನ ವಿಷಯ ಬಿಡ್ತೀನಿ ಹಾಗಾದರೆ. ಸುಮ್ಮನೆ ಅವನ ಹತ್ತಿರ ಹೋಗಿ ಕೂಗಾಡಿ ಬಂದೆನಲ್ಲ" ಎಂದು ತಲೆ ಕೆರೆದುಕೊಂಡರು.

ಹೊರಡುವಾಗ ಹಂಸಾಬಾ ಬಾಗಿಲವರೆಗೆ ಬಂದರು. ನಾನು ಕೇಳಬಾರದಿತ್ತು, ಆದರೂ ಕೇಳಿದೆ. "ಬುಧವಾರ ಕಚುಂಬರ್ ಕಳಿಸಲಾ? ಎಲ್ಲ ಬೇರೆ ಬೇರೆ ಇಟ್ಟು, ಸರಿಯಾಗಿ ಮಾಡಿ?"

ಅವರು ಯೋಚಿಸಿದರು. "ಸದ್ಯಕ್ಕೆ ಬೇಡ."

ನೋವಾಯಿತು. ಆಗಬೇಕಾದ್ದೇ. ಆದರೆ 'ಸದ್ಯಕ್ಕೆ' ಅನ್ನುವ ಪದವನ್ನು ಜೋಪಾನವಾಗಿ ಮನೆಗೆ ತಂದೆ. ಅಮ್ಮಮ್ಮನಿಗೆ ಹೇಳಿದಾಗ ಅವಳೂ ಮೊದಲು ಹಿಡಿದದ್ದು ಆ ಪದವನ್ನೇ.

ಬಾಗಿಲು ಮುಚ್ಚುವ ಮೊದಲು ಹಂಸಾಬಾ ನನ್ನನ್ನು ಮಗಳೇ ಅಂತ ಕರೆದು ಇನ್ನೊಂದು ಮಾತು ಹೇಳಿದ್ದರು, ಅದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. "ನನ್ನ ಪಾಲಿನದು ನಾನು ಹೇಳಿದೆ, ದೀಕರಿ. ನಿನ್ನ ಪಾಲಿನದನ್ನು ನೀನು ನೋಡಿಕೋ."

ಮರುದಿನ ಬೆಳಿಗ್ಗೆ ಆರೂವರೆಗೆ ಎದ್ದೆ. ಸಿಲಿಂಡರಿನ ಹಿಂದಿನಿಂದ ಕೆಂಪು ಮಣೆ ಎಳೆದೆ. ಸೋಪು ಹಾಕಿ, ಬಿಸಿನೀರು ಹೊಯ್ದು ಉಜ್ಜಿದೆ. ಅಡುಗೆಮನೆ ಕಿಟಕಿಯನ್ನು ಎರಡೂ ಕೈಯಲ್ಲಿ ದೂಡಿ ತೆರೆದೆ. ಕಾರಿಡಾರಿನ ಕಡೆಯ ಸರಳಿಗೆ, ಬಿಸಿಲು ಬೀಳುವ ಜಾಗದಲ್ಲಿ ಮಣೆಯನ್ನು ತೂಗುಹಾಕಿದೆ.

ಅಮ್ಮಮ್ಮ ಹಿಂದೆ ಬಂದು ನಿಂತಳು. "ಎಲ್ಲರ್ಗೂ ಕಾಣ್ತಲ್ದಾ?" ಎಂದಳು. ಅಪ್ಪಯ್ಯ ಹೋಟೆಲಿಗೆ ಹೊರಟವರು ಕಾರಿಡಾರಿನಲ್ಲಿ ನಿಂತು ನೋಡಿದರು. ಮಣೆ ಸ್ವಲ್ಪ ಓರೆಯಾಗಿತ್ತು. ಬೋರ್ಡು ಸರಿಮಾಡುವ ಹಾಗೆ ಅದನ್ನು ನೆಟ್ಟಗೆ ಮಾಡಿ ಮೆಟ್ಟಿಲಿಳಿದರು.

ಏಳು ಗಂಟೆಗೆ ಎದುರು ಬಾಗಿಲು ತೆರೆಯಿತು. ಹಾಲು ತರಲು ಹೊರಟ ಕೇತನ್‌ಭಾಯ್ ನಮ್ಮ ಕಿಟಕಿಯ ಮುಂದೆ ನಿಂತರು.

"ಹೊಸ ಮಣೆಯಾ? ಯಾವುದಕ್ಕೆ?"

"ಕೋಳಿಗೆ," ಎಂದೆ.